ಹಡೆದವರ ಅಳಲಿಗೆ ಒದಗಿದ ಆಸರೆ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಒಂದು ಚರಿತ್ರೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಚರಿತ್ರೆ ಎಂದರೆ ನಿಜಾಮರ ಆಳ್ವಿಕೆ, ಜಾಗೀರುಗಳು, ರಜಾಕಾರರ ಹಾವಳಿ, ಏಕೀಕರಣ, ಭೀಮಾ ನದಿಯ ನೀರಾವರಿ, ತೊಗರಿ ಬೆಳೆ ಮತ್ತು ಗುಳೆ ಇವುಗಳೇ ಮೊದಲು ನೆನಪಿಗೆ ಬರುತ್ತವೆ. ಇದೇ ಸೀಮೆಯ ಮನೆಮನೆಗಳಲ್ಲಿ ನಡೆದುಬಂದ ಇನ್ನೊಂದು ಚರಿತ್ರೆಯೂ ಇದೆ. ಮಕ್ಕಳ ಕಾಯಿಲೆ, ಅಂಗವೈಕಲ್ಯ, ಮನೋರೋಗ ಅಥವಾ ಅಕಾಲ ಮರಣದಿಂದ ಕಂಗೆಟ್ಟ ತಾಯಿತಂದೆಗಳು ತಮ್ಮ ಅಳಲನ್ನು ಹೊತ್ತು ಎಲ್ಲಿಗೆ ಹೋದರು, ಯಾರ ಬಳಿ ಹೇಳಿಕೊಂಡರು, ಅವರಿಗೆ ಜೊತೆಯಾಗಿ ನಿಂತವರು ಯಾರು ಎಂಬುದೇ ಆ ಚರಿತ್ರೆಯ ವಸ್ತು.

ಇಂದು ಈ ವಿಷಯವನ್ನು ಮಾತನಾಡುವಾಗ ಮೂರು ಪದಗಳು ಬಳಕೆಯಲ್ಲಿವೆ. ಒಂದೇ ಬಗೆಯ ಕಷ್ಟದಲ್ಲಿರುವವರು ನಿಗದಿತ ದಿನ ಒಂದೆಡೆ ಕುಳಿತು ತಮ್ಮ ಅನುಭವವನ್ನು ಪರಸ್ಪರ ಹೇಳಿಕೊಂಡು, ಒಬ್ಬರಿಂದೊಬ್ಬರು ಉಪಾಯ ಕಲಿತು, ಧೈರ್ಯ ಪಡೆಯುವ ಕೂಟವನ್ನು ‘ನೆರವು ಗುಂಪು’ ಎನ್ನುತ್ತಾರೆ. ತರಬೇತಿ ಪಡೆದ ವ್ಯಕ್ತಿಯೊಬ್ಬರು ಗುಟ್ಟನ್ನು ಕಾಪಾಡುವ ಭರವಸೆಯೊಂದಿಗೆ ನೊಂದವರ ಮಾತನ್ನು ಆಲಿಸಿ, ಅವರೇ ದಾರಿ ಕಂಡುಕೊಳ್ಳುವಂತೆ ನೆರವಾಗುವುದು ‘ಆಪ್ತಸಮಾಲೋಚನೆ’. ‘ಥೆರಪಿ’ ಎಂಬುದು ಇವೆರಡಕ್ಕಿಂತ ವಿಶಾಲವಾದ ಪದವಾಗಿದ್ದು, ಮಾತಿನ ಮೂಲಕ ನಡೆಯುವ ಮನೋಚಿಕಿತ್ಸೆಯೂ, ಮಗುವಿನ ಕೈಕಾಲು ಮತ್ತು ನಾಲಿಗೆಯನ್ನು ಪಳಗಿಸುವ ಅಂಗಮರ್ದನ ಹಾಗೂ ವಾಕ್ ಚಿಕಿತ್ಸೆಗಳೂ ಅದರಲ್ಲಿ ಸೇರುತ್ತವೆ. ಈ ಪದಗಳು ಹೊಸವಾದರೂ ಅವು ಸೂಚಿಸುವ ಅಗತ್ಯ ಬಹಳ ಹಳೆಯದು. ಅದನ್ನು ಈ ಸೀಮೆಯ ಜನ ಪ್ರತಿ ಕಾಲದಲ್ಲೂ ತಮ್ಮದೇ ರೀತಿಯಲ್ಲಿ ಪೂರೈಸಿಕೊಂಡಿದ್ದಾರೆ. ಹಳೆಯ ಆಸರೆಗಳು ಕಳಚಿದ ವೇಗದಲ್ಲಿ ಹೊಸ ಆಸರೆಗಳು ಕಟ್ಟಿಕೊಳ್ಳಲಿಲ್ಲ ಎಂಬುದು ಈ ಚರಿತ್ರೆಯಿಂದ ಹೊರಡುವ ಮುಖ್ಯ ಮಾತು.

ಸೀಮೆ ಮತ್ತು ಅದರ ದಾರಿಗಳು

ಮೂರೂ ತಾಲೂಕುಗಳನ್ನು ಹೊಲಿಯುವ ದಾರ ನೀರು. ಆಳಂದ ತಾಲೂಕಿನ ನೆಲದಲ್ಲಿ ಹರಿದುಬರುವ ಅಮರ್ಜಾ ನದಿ ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ಅಲ್ಲಿಂದ ಮುಂದೆ ಜೇವರ್ಗಿಯ ಅಂಚನ್ನು ಸವರಿಕೊಂಡು ಸಾಗುತ್ತದೆ. ಆಳಂದ ಮತ್ತು ಅಫಜಲಪುರ ತಾಲೂಕುಗಳು ಮಹಾರಾಷ್ಟ್ರದ ಗಡಿಗೆ ತಾಗಿಕೊಂಡಿರುವುದರಿಂದ ಅಲ್ಲಿನ ಜನರಿಗೆ ಅಕ್ಕಲಕೋಟೆ ಮತ್ತು ಸೊಲ್ಲಾಪುರ ಎಂದೂ ಪರವೂರಾಗಿರಲಿಲ್ಲ. ಕನ್ನಡ, ಮರಾಠಿ ಮತ್ತು ದಖನಿ ಉರ್ದು ಒಂದೇ ಸಂತೆಯಲ್ಲಿ ಕೇಳಿಬರುತ್ತಿದ್ದವು. 1948ರ ಸೆಪ್ಟೆಂಬರ್ 17ರವರೆಗೆ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರ ತನ್ನ ವರದಿಯಲ್ಲಿ ಈ ಮೂರೂ ತಾಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿ ಇರಿಸಿತು.

ಆಡಳಿತದ ಈ ಗಡಿಗಳಿಗೂ ಒಂದು ತಾಯಿಯ ಅಳಲಿಗೂ ನೇರ ಸಂಬಂಧವಿದೆ. ಮಗ ಇದ್ದಕ್ಕಿದ್ದಂತೆ ಒಬ್ಬನೇ ಮಾತನಾಡತೊಡಗಿದರೆ, ಮಗಳು ವಯಸ್ಸಿಗೆ ಬಂದರೂ ಮಾತು ಕಲಿಯದಿದ್ದರೆ, ಸಂಸ್ಥಾನದ ಕಾಲದಲ್ಲಿ ಸರಕಾರ ತೋರಿಸಬಹುದಾಗಿದ್ದ ಮಾನಸಿಕ ಆಸ್ಪತ್ರೆ ದೂರದ ಜಾಲನಾದಲ್ಲಿತ್ತು. 1950ರ ದಶಕದಲ್ಲಿ ಅದು ಹೈದರಾಬಾದಿನ ಎರ್ರಗಡ್ಡಕ್ಕೆ ಸ್ಥಳಾಂತರಗೊಂಡಿತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ 1845ರಿಂದಲೇ ಹುಚ್ಚಾಸ್ಪತ್ರೆಯಿತ್ತಾದರೂ ಅದು ಸಂಸ್ಥಾನದ ಗಡಿಯ ಆಚೆಗಿತ್ತು. ಆ ಆಸ್ಪತ್ರೆಗಳೂ ರೋಗಿಯನ್ನು ಊರಿನಿಂದ ಬೇರ್ಪಡಿಸಿ ಇರಿಸಿಕೊಳ್ಳುವ ತಾಣಗಳಾಗಿದ್ದವೇ ಹೊರತು ಅವನ ಜೊತೆ ಬಂದ ತಾಯಿತಂದೆಗೆ ಅಲ್ಲಿ ಜಾಗವಿರಲಿಲ್ಲ. ಆದ್ದರಿಂದ ಈ ಸೀಮೆಯ ಹೆತ್ತವರು ಬೇರೆ ಆಸರೆಗಳನ್ನು ಹುಡುಕಿಕೊಂಡರು.

ಬೀಸುಕಲ್ಲಿನ ಎರಡು ಕೈ

ಅವುಗಳಲ್ಲಿ ಮೊದಲನೆಯದು ಮನೆಯೊಳಗೇ ಇತ್ತು. ಗಿರಣಿ ಬರುವ ಮುಂಚೆ ಜೋಳ ಬೀಸುವುದು ಹೆಂಗಸರ ನಿತ್ಯದ ಕೆಲಸವಾಗಿತ್ತು. ನಸುಕಿನಲ್ಲಿ ಇಬ್ಬರು ಎದುರುಬದುರು ಕುಳಿತು, ಒಂದೇ ಗೂಟವನ್ನು ಹಿಡಿದು, ಒಬ್ಬಳು ಎಳೆದಾಗ ಇನ್ನೊಬ್ಬಳು ನೂಕುತ್ತ ಕಲ್ಲನ್ನು ತಿರುಗಿಸುತ್ತಿದ್ದರು. ಆ ದುಡಿಮೆಯ ಲಯದಲ್ಲಿ ಹುಟ್ಟಿದ ತ್ರಿಪದಿಗಳಲ್ಲಿ ತವರು, ಅಣ್ಣತಮ್ಮಂದಿರು, ಅತ್ತೆಮನೆಯ ಕಷ್ಟ ಇರುವಂತೆಯೇ ಬಂಜೆತನದ ನೋವು, ಕೂಸಿನ ಮೇಲಿನ ಮಮತೆ ಮತ್ತು ಕೂಸನ್ನು ಕಳೆದುಕೊಂಡ ಸಂಕಟವೂ ಇದ್ದವು. ಭೀಮಾತೀರದ ಇನ್ನೊಂದು ಮಗ್ಗುಲಾದ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರ ಬಳಗ ಇಂಥ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಲ್ಲಿ ಪ್ರಕಟಿಸಿದಾಗ, ಬರಹ ಬಾರದ ಹೆಂಗಸರ ಒಡಲಿನ ಮಾತು ಮೊದಲ ಬಾರಿಗೆ ಓದುವ ಕನ್ನಡಿಗರ ಕೈಗೆ ಬಂದಿತು.

ಇದೇ ಬೀಸುಕಲ್ಲನ್ನು ದಖನಿನ ಸೂಫಿಗಳೂ ಗುರುತಿಸಿದ್ದರು. ಬೀಸುಕಲ್ಲಿನ ಲಯಕ್ಕೆ ಹೊಂದುವ ‘ಚಕ್ಕಿನಾಮಾ’, ನೂಲುವ ರಾಟೆಯ ಜೊತೆ ಹಾಡುವ ‘ಚರಖಾನಾಮಾ’, ತೊಟ್ಟಿಲು ತೂಗುವಾಗ ಹಾಡುವ ‘ಲೋರಿನಾಮಾ’ ಎಂಬ ದಖನಿ ಪದ್ಯಪ್ರಕಾರಗಳು ಬೆಳೆದದ್ದು ಈ ಕಾರಣದಿಂದಲೇ. ವಿಜಯಪುರದ ಸೂಫಿಗಳ ಕುರಿತು 1978ರಲ್ಲಿ ಗ್ರಂಥ ಪ್ರಕಟಿಸಿದ ಇತಿಹಾಸಕಾರ ರಿಚರ್ಡ್ ಈಟನ್ ಅವರು ಸೂಫಿ ತತ್ವ ಜನಸಾಮಾನ್ಯರ ಮನೆಯೊಳಗೆ ಪ್ರವೇಶಿಸಿದ್ದು ಬೀಸುವ, ನೂಲುವ, ತೂಗುವ ಹೆಂಗಸರ ಮೂಲಕ ಎಂದು ತೋರಿಸಿಕೊಟ್ಟಿದ್ದಾರೆ.

ಬೀಸುಕಲ್ಲಿನ ಜೊತೆಯನ್ನು ಇಂದಿನ ನೆರವು ಗುಂಪಿಗೆ ಸಮ ಎನ್ನಲಾಗದು. ಅಲ್ಲಿ ಕುಳಿತವರು ಒಂದೇ ಮನೆಯ ಅತ್ತೆ ಸೊಸೆ ಅಥವಾ ನೆಗೆಣ್ಣಿಯರಾಗಿದ್ದರೆ ಎಲ್ಲವನ್ನೂ ಬಾಯಿಬಿಟ್ಟು ಹೇಳಿಕೊಳ್ಳುವುದು ಸಾಧ್ಯವಿರಲಿಲ್ಲ. ಹೇಳಿಕೊಂಡರೂ ಕಾಯಿಲೆಗೆ ಮದ್ದು ಸಿಗುತ್ತಿರಲಿಲ್ಲ. ಆದರೂ ನೊಂದವಳು ತನ್ನ ಹೆಸರು ಹೇಳದೆ ಹಾಡಿನ ಮರೆಯಲ್ಲಿ ನಿಂತು ಮಾತನಾಡುವ ಅವಕಾಶ, ಎದುರಿಗೆ ಕುಳಿತವಳು ಗೂಟ ಬಿಡದೆ ಕೇಳಿಸಿಕೊಳ್ಳುವ ಅನಿವಾರ್ಯತೆ, ಇವೆರಡೂ ಪ್ರತಿದಿನ ದೊರೆಯುತ್ತಿದ್ದವು. ಊರಿಗೆ ಗಿರಣಿ ಬಂದು ರಟ್ಟೆಯ ಶ್ರಮ ಇಳಿದಾಗ ಈ ಸಣ್ಣ ಕೂಟವೂ ಅದರೊಂದಿಗೇ ಕಳಚಿತು.

ಸಂಗಮದ ನೀರು, ದರ್ಗಾದ ಅಂಗಳ

ಮನೆಯೊಳಗೆ ಸಮಾಧಾನ ಸಿಗದಾಗ ಹೆತ್ತವರು ಹೊರಟದ್ದು ದೇವಸ್ಥಾನ ಮತ್ತು ದರ್ಗಾಗಳಿಗೆ. ಈ ದಾರಿಯಲ್ಲಿ ದೇವಲ ಗಾಣಗಾಪುರದ ಸ್ಥಾನ ದೊಡ್ಡದು. ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುವ ನರಸಿಂಹ ಸರಸ್ವತಿ ಯತಿಗಳು 15ನೆಯ ಶತಮಾನದಲ್ಲಿ ಇಲ್ಲಿ ಬಹುಕಾಲ ನೆಲೆಸಿದ್ದರು. ಅವರ ಮಹಿಮೆಯನ್ನು ಹೇಳುವ ಮರಾಠಿಯ ‘ಗುರುಚರಿತ್ರೆ’ಯನ್ನು ಬರೆದವರು ಸರಸ್ವತಿ ಗಂಗಾಧರ. ಮಕ್ಕಳಿಲ್ಲದವರು, ಮಕ್ಕಳನ್ನು ಕಳೆದುಕೊಂಡವರು, ಮನೆಯವರ ರೋಗದಿಂದ ಬೆಂದವರು ಆ ಗ್ರಂಥದ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತಾರೆ. ಆದ್ದರಿಂದ ಅದರ ಪಾರಾಯಣ ಕೇಳುತ್ತ ಕುಳಿತ ತಾಯಿ ತನ್ನಂಥವರ ಕಥೆಯನ್ನೇ ಕೇಳುತ್ತಿದ್ದಳು. 1871ರ ಹೊತ್ತಿಗೆ ಸೊಲ್ಲಾಪುರದಿಂದ ಕಲಬುರಗಿಯ ಮೂಲಕ ರಾಯಚೂರಿಗೆ ರೈಲು ಹಾದಿ ತೆರೆದ ಮೇಲೆ, ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಇಳಿದು ಮುಂದಿನ ದಾರಿಯನ್ನು ಬಂಡಿಯಲ್ಲೋ ಕಾಲ್ನಡಿಗೆಯಲ್ಲೋ ಕ್ರಮಿಸುವ ದೂರದ ಯಾತ್ರಿಕರೂ ಹೆಚ್ಚಿದರು.

ಅಲ್ಲಿನ ಆಚರಣೆಗಳನ್ನು ಹತ್ತಿರದಿಂದ ನೋಡಿದರೆ ಅವುಗಳ ಒಳಗಿನ ವ್ಯವಸ್ಥೆ ತಿಳಿಯುತ್ತದೆ. ಬಂದ ಕುಟುಂಬ ಭೀಮಾ–ಅಮರ್ಜಾ ಸಂಗಮದಲ್ಲಿ ಮುಳುಗಿ ಏಳುತ್ತದೆ. ಒದ್ದೆಬಟ್ಟೆಯಲ್ಲೇ ಔದುಂಬರ ವೃಕ್ಷವನ್ನು ಸುತ್ತುತ್ತದೆ. ಮರದ ಬಳಿ ಸಾಲಾಗಿ ಕುಳಿತವರ ನಡುವೆ ಪಾರಾಯಣಕ್ಕೆ ಕೂರುತ್ತದೆ. ಮಧ್ಯಾಹ್ನ ಮನೆಮನೆಗೆ ಹೋಗಿ ‘ಮಧುಕರಿ’ ಎಂಬ ಭಿಕ್ಷೆಯನ್ನು ಬೇಡಿ ತಂದು ಉಣ್ಣುತ್ತದೆ. ಊರಿನ ಮಠದಲ್ಲಿ ಆ ಯತಿಗಳದೆಂದು ಪೂಜಿಸುವ ನಿರ್ಗುಣ ಪಾದುಕೆಗಳ ಮುಂದೆ ಮಂಗಳಾರತಿಯ ಗಂಟೆ ಬಾರಿಸಿದಾಗ ‘ಗಾಳಿ ಸೋಂಕಿದೆ’ ಎಂದು ಕರೆತಂದವರು ಕಂಬಗಳಿಗೆ ಜೋತುಬಿದ್ದು ಕೂಗಾಡುತ್ತಾರೆ, ಅವರ ತಾಯಂದಿರು ಸೆರಗಿನ ತುದಿಯನ್ನು ಬಾಯಿಗೊತ್ತಿ ಪಕ್ಕದಲ್ಲೇ ನಿಂತಿರುತ್ತಾರೆ. ಊರಿನಲ್ಲಿ ಮಗನ ಕೂಗಾಟಕ್ಕೆ ಬಾಗಿಲು ಮುಚ್ಚಿಕೊಳ್ಳಬೇಕಾಗಿದ್ದ ತಾಯಿಗೆ ಇಲ್ಲಿ ನಾಚಿಕೆಯ ಹೊರೆ ಇಳಿಯುತ್ತಿತ್ತು, ಏಕೆಂದರೆ ಅಕ್ಕಪಕ್ಕದಲ್ಲಿ ನಿಂತವರೂ ಅದೇ ಹೊರೆಯನ್ನು ಹೊತ್ತವರು. ರಾತ್ರಿ ಛತ್ರದ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಮಲಗುವ ಮುಂಚೆ ‘ನಿಮ್ಮೂರು ಯಾವುದವ್ವ, ಎಷ್ಟು ದಿನದಿಂದ ಹೀಂಗಾಗ್ಯಾದ’ ಎಂಬ ಒಂದು ಪ್ರಶ್ನೆಯಿಂದ ಮಾತು ಆರಂಭವಾಗುತ್ತಿತ್ತು.

ಆಳಂದದ ಲಾಡ್ಲೆ ಮಶಾಯಕ ದರ್ಗಾ ಮತ್ತು 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜರ ಕಲಬುರಗಿಯ ದರ್ಗಾಗಳ ಅಂಗಳವೂ ಇಂಥದೇ ಆಶ್ರಯವಾಗಿತ್ತು. ಗುರುವಾರ ಮತ್ತು ಉರುಸಿನ ದಿನಗಳಲ್ಲಿ ಮತಭೇದವಿಲ್ಲದೆ ಬರುವ ಹೆಂಗಸರು ಹರಕೆಯ ದಾರ ಕಟ್ಟಿ, ತಾಯತ ಪಡೆದು, ಗೋಡೆಗೆ ಒರಗಿ ಕುಳಿತುಕೊಳ್ಳುತ್ತಿದ್ದರು. ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಜನಿಸಿ ಕಲಬುರಗಿಯಲ್ಲಿ ನೆಲೆನಿಂತ ಶರಣಬಸವೇಶ್ವರರ ಹೆಸರು ದಾಸೋಹಕ್ಕೆ, ಎಂದರೆ ಬಂದವರ ಜಾತಿ ಕೇಳದೆ ಅನ್ನವಿಡುವ ಪದ್ಧತಿಗೆ, ಪರ್ಯಾಯಪದವಾಗಿಯೇ ನಿಂತಿದೆ. ರೋಗಿಯನ್ನು ಕರೆದುಕೊಂಡು ಹಳ್ಳಿಯಿಂದ ಬಂದ ಬಡ ಕುಟುಂಬಕ್ಕೆ ಅನ್ನ ಮತ್ತು ನೆರಳು ಎಷ್ಟು ಮುಖ್ಯವೆಂಬುದನ್ನು ಮಠಗಳು ಆಸ್ಪತ್ರೆಗಳಿಗಿಂತ ಬಹಳ ಮೊದಲೇ ಅರಿತಿದ್ದವು.

ಇಂಥ ತಾಣಗಳ ಗುಣವನ್ನು ಆಧುನಿಕ ವೈದ್ಯಶಾಸ್ತ್ರವೂ ಒಂದು ಮಟ್ಟಿಗೆ ಪರೀಕ್ಷಿಸಿ ನೋಡಿದೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನ ಮನೋವೈದ್ಯ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನವೊಂದರಲ್ಲಿ ಮನೆಯವರೊಂದಿಗೆ ಉಳಿದುಕೊಂಡಿದ್ದ 31 ರೋಗಿಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ಬರಹದಲ್ಲಿ, ಸರಾಸರಿ ಆರು ವಾರಗಳ ವಾಸದ ನಂತರ ಅವರ ರೋಗಲಕ್ಷಣಗಳು ಸುಮಾರು ಶೇ. 20ರಷ್ಟು ಇಳಿದಿದ್ದವು ಎಂದು ದಾಖಲಿಸಿದರು. ಅಲ್ಲಿ ವಿಶೇಷ ಮಂತ್ರತಂತ್ರಗಳೇನೂ ನಡೆದಿರಲಿಲ್ಲ; ಆಕ್ಷೇಪಿಸದ, ಅಂಜಿಸದ ವಾತಾವರಣದಲ್ಲಿ ಮನೆಯವರ ಜೊತೆ ಇದ್ದುದೇ ಪರಿಣಾಮ ಬೀರಿರಬಹುದು ಎಂಬುದು ಅವರ ಅಭಿಪ್ರಾಯವಾಗಿತ್ತು.

ಆದರೆ ಇದೇ ದಾರಿಯಲ್ಲಿ ದೊಡ್ಡ ಹಾನಿಯೂ ಸಂಭವಿಸಿದೆ. ಹರಕೆ ಮತ್ತು ಅಂತ್ರದ ನಂಬಿಕೆಯಲ್ಲಿ ವರ್ಷಗಳು ಉರುಳಿ, ಔಷಧದಿಂದ ಬೇಗ ಹತೋಟಿಗೆ ಬರಬಹುದಾಗಿದ್ದ ಮೂರ್ಛೆರೋಗ ಮತ್ತು ಮನೋರೋಗಗಳು ಬಲಿತವು. ಮಗುವಿನ ಸ್ಥಿತಿಗೆ ಪೂರ್ವಜನ್ಮದ ಪಾಪ, ದೃಷ್ಟಿ, ಗ್ರಹಣದಲ್ಲಿ ಬಸುರಿ ಹೊರಬಂದದ್ದು ಮುಂತಾದ ಕಾರಣಗಳನ್ನು ಹೇಳುವಾಗ ಬೆರಳು ತಿರುಗುತ್ತಿದ್ದುದು ತಾಯಿಯ ಕಡೆಗೇ. ದೇಶದ ಹಲವೆಡೆ ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಹಾಕುವ ರೂಢಿಯಿತ್ತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯ ದರ್ಗಾದ ಬಳಿಯಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಿಂದ ಬಿಡಿಸಿಕೊಳ್ಳಲಾಗದೆ 28 ಮಂದಿ ಸುಟ್ಟುಹೋದರು. ಮುಂದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಬಿಗಿಯುವುದನ್ನು ನಿಷೇಧಿಸಿತು. ಅದೇ ವರ್ಷ ಕರ್ನಾಟಕ ಶಾಸನಸಭೆ ಅಂಗೀಕರಿಸಿದ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯು ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಹೊಡೆಯುವುದನ್ನು ಅಪರಾಧವೆಂದು ಸಾರಿತು.

ಆಸ್ಪತ್ರೆಯ ಬಾಗಿಲು ಮತ್ತು ಹೆತ್ತವರ ಮೇಲಿನ ಅಪವಾದ

ತಾಯಿಯನ್ನು ದೂಷಿಸುವ ಚಟ ಹಳ್ಳಿಯ ನಂಬಿಕೆಗೆ ಮಾತ್ರ ಸೇರಿದ್ದಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1948ರಲ್ಲಿ ಅಮೆರಿಕದ ಮನೋವೈದ್ಯೆ ಫ್ರೀಡಾ ಫ್ರಾಮ್-ರೈಕ್‌ಮನ್ ಅವರು ಮಕ್ಕಳಲ್ಲಿ ಚಿತ್ತವಿಕಲತೆಯನ್ನು ಉಂಟುಮಾಡುವ ತಾಯಿ ಎಂಬ ಕಲ್ಪನೆಯನ್ನು ಮುಂದಿಟ್ಟರು; ಚಿತ್ತವಿಕಲತೆ ಎಂದರೆ ಇಲ್ಲದ ದನಿ ಕೇಳುವುದು, ಇಲ್ಲದ ಸಂಶಯ ಮೂಡುವುದು ಮುಂತಾದ ಲಕ್ಷಣಗಳ ಸ್ಕಿಜೋಫ್ರೇನಿಯಾ ಕಾಯಿಲೆ. ಆಟಿಸಂ, ಅಂದರೆ ಇತರರೊಂದಿಗೆ ಬೆರೆಯುವುದು ಮತ್ತು ಸಂವಹನ ಭಿನ್ನವಾಗಿರುವ ಬೆಳವಣಿಗೆಯ ಸ್ಥಿತಿ, ತಾಯಿಯ ಮಮತೆಯ ಕೊರತೆಯಿಂದ ಬರುತ್ತದೆ ಎಂಬ ವಾದವೂ ಅಲ್ಲಿ ಬಹುಕಾಲ ಮಾನ್ಯವಾಗಿತ್ತು. ಇದನ್ನು ಮುರಿದವರಲ್ಲಿ ಹೆತ್ತವರೇ ಮುಂದಾಳುಗಳಾಗಿದ್ದರು. ಬ್ರಿಟನ್ನಿನಲ್ಲಿ 1962ರಲ್ಲಿ ಆಟಿಸಂ ಇರುವ ಮಕ್ಕಳ ತಾಯಿತಂದೆಗಳು ಸೇರಿ ಸಂಘ ಕಟ್ಟಿದರು. ಅಮೆರಿಕದಲ್ಲಿ ಸ್ವತಃ ಅಂಥ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲ್ಯಾಂಡ್ 1964ರಲ್ಲಿ ಪುಸ್ತಕ ಬರೆದು ಅದು ಮಿದುಳಿಗೆ ಸಂಬಂಧಿಸಿದ್ದೆಂದು ವಾದಿಸಿ, ಮರುವರ್ಷ ಹೆತ್ತವರ ಸಂಘಕ್ಕೆ ನಾಂದಿ ಹಾಡಿದರು.

ಭಾರತದ ವೈದ್ಯ ಪರಂಪರೆ ಈ ವಿಷಯದಲ್ಲಿ ಬೇರೊಂದು ದಾರಿ ಹಿಡಿಯಿತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಅಧೀಕ್ಷಕರಾಗಿದ್ದ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹೊಡೆಸಿ, ರೋಗಿಗಳ ಮನೆಯವರನ್ನು ಅಲ್ಲೇ ಉಳಿಸಿಕೊಂಡು, ಅವರೊಂದಿಗೆ ಗುಂಪಾಗಿ ಕುಳಿತು ರೋಗದ ಸ್ವರೂಪವನ್ನು ವಿವರಿಸುತ್ತಿದ್ದರು. ಮನೆಯವರು ಜೊತೆಗಿದ್ದ ರೋಗಿಗಳು ಬೇಗ ಗುಣವಾಗಿ ಊರಿಗೆ ಮರಳಿದರು. 1970ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕುಟುಂಬಗಳಿಗಾಗಿಯೇ ಪ್ರತ್ಯೇಕ ವಿಭಾಗ ತೆರೆಯಿತು. 1972ರಲ್ಲಿ ಲಂಡನ್ನಿನ ಸಂಶೋಧಕರು ಟೀಕೆ ಮತ್ತು ಹಗೆತನ ಹೆಚ್ಚಿರುವ ಮನೆಗೆ ಮರಳಿದ ರೋಗಿಗಳಲ್ಲಿ ಕಾಯಿಲೆ ಹೆಚ್ಚಾಗಿ ಮರುಕಳಿಸುತ್ತದೆ ಎಂದು ತೋರಿಸಿದರು. 1980ರ ದಶಕದಲ್ಲಿ ಚಂಡೀಗಢದಲ್ಲಿ ನಡೆದ ಅಧ್ಯಯನ ಅಲ್ಲಿನ ಮನೆಗಳಲ್ಲಿ ಅಂಥ ಟೀಕೆ ಲಂಡನ್ನಿಗಿಂತ ಕಡಿಮೆಯಿರುವುದನ್ನು ಗುರುತಿಸಿತು. ಇದರಿಂದ ಹೊರಟ ಪಾಠ ಸರಳವಾಗಿತ್ತು: ಹೆತ್ತವರು ರೋಗಕ್ಕೆ ಕಾರಣರಲ್ಲ, ಆದರೆ ಗುಣವಾಗುವ ದಾರಿಯಲ್ಲಿ ಅವರ ಪಾಲು ದೊಡ್ಡದು, ಆದ್ದರಿಂದ ಅವರ ದಣಿವಿಗೂ ಉಪಚಾರ ಬೇಕು.

ಬೆಂಗಳೂರಿನಲ್ಲಿ ಈ ಪಾಠ ಸಂಘಟನೆಯ ರೂಪ ಪಡೆಯಿತು. ಮಾನಸಿಕ ಕಾಯಿಲೆಯುಳ್ಳವರ ಕುಟುಂಬಗಳ ಸಂಘವಾದ ‘ಅಮೆಂಡ್’ 1992ರಲ್ಲಿ, ಬೌದ್ಧಿಕ ಅಂಗವೈಕಲ್ಯವುಳ್ಳವರ ತಾಯಿತಂದೆಗಳ ಸಂಘಗಳ ರಾಷ್ಟ್ರೀಯ ಒಕ್ಕೂಟವಾದ ‘ಪರಿವಾರ್’ 1995ರಲ್ಲಿ ಹುಟ್ಟಿಕೊಂಡವು. ‘ನಾವು ಸತ್ತ ಮೇಲೆ ಈ ಮಗುವಿಗೆ ಯಾರು ದಿಕ್ಕು’ ಎಂಬ ಹೆತ್ತವರ ಒಂದೇ ಪ್ರಶ್ನೆ ದೇಶದೆಲ್ಲೆಡೆಯಿಂದ ಎದ್ದು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಗೆ ದಾರಿಯಾಯಿತು. ಆಟಿಸಂ, ಮಿದುಳಿನ ಪಾರ್ಶ್ವವಾಯು, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವ ಸ್ಥಳೀಯ ಸಮಿತಿಗಳು ಜಿಲ್ಲಾ ಮಟ್ಟದಲ್ಲಿ ರಚನೆಯಾದದ್ದು ಇದರ ಅಡಿಯಲ್ಲಿ. ಆದರೆ ಬೆಂಗಳೂರು ಕಲಬುರಗಿಯಿಂದ ಸುಮಾರು 600 ಕಿಲೋಮೀಟರ್ ದೂರ. ಸಭೆ ನಡೆಯುತ್ತಿದ್ದುದು ಅಲ್ಲಿ, ನೋವು ಇದ್ದದ್ದು ಇಲ್ಲಿ. ಬೌದ್ಧಿಕ ಅಂಗವೈಕಲ್ಯಕ್ಕಾಗಿ 1984ರಲ್ಲಿ ಸಿಕಂದರಾಬಾದಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆ ಹೋಲಿಕೆಯಲ್ಲಿ ಹತ್ತಿರದ್ದು, ರೈಲಿನ ಅನುಕೂಲವೂ ಇದ್ದದ್ದು; ಹಾಗಿದ್ದರೂ ಎರಡು ದಿನದ ಕೂಲಿ ಬಿಟ್ಟು ಹೋಗಿಬರುವುದು ಆಳಂದದ ಹಳ್ಳಿಯ ಕುಟುಂಬಕ್ಕೆ ಸುಲಭವಾಗಿರಲಿಲ್ಲ.

ತಾಲೂಕಿನ ಹತ್ತಿರಕ್ಕೆ

ಚಿಕಿತ್ಸೆ ಹಳ್ಳಿಯ ಕಡೆಗೆ ನಡೆದುಬಂದ ಕಥೆಯಲ್ಲೂ ಕರ್ನಾಟಕದ ಪಾಲು ಹಿರಿದು. 1970ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಸಮುದಾಯ ಮಾನಸಿಕ ಆರೋಗ್ಯ ಘಟಕವನ್ನು ಆರಂಭಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆಗೆ ಹೋಗುವ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವ ತರಬೇತಿ ಕೊಡಬಹುದೆಂದು ತೋರಿಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. 1985ರಿಂದ ಬಳ್ಳಾರಿಯಲ್ಲಿ ಇಡೀ ಜಿಲ್ಲೆಯ ಮಟ್ಟದಲ್ಲಿ ಅದನ್ನು ನಡೆಸಿ ನೋಡಲಾಯಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಈ ಪ್ರಯೋಗವೇ 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ನಂತರದ ವರ್ಷಗಳಲ್ಲಿ ಅದು ಕಲಬುರಗಿಗೂ ಬಂದಿತು. ಕಲಬುರಗಿ ನಗರದಲ್ಲಿ 1963ರಿಂದಲೇ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ನಡೆಯುತ್ತಿದ್ದುದರಿಂದ ತಜ್ಞರ ನೆರವು ಜಿಲ್ಲೆಯೊಳಗೇ ಸಿಗುವಂತಾಗಿತ್ತು.

2014ರಲ್ಲಿ ರಾಜ್ಯ ಸರಕಾರ ಆರಂಭಿಸಿದ ‘ಮನೋಚೈತನ್ಯ’ ಕಾರ್ಯಕ್ರಮ ಈ ದಾರಿಯ ಕೊನೆಯ ಗಾವುದವನ್ನು ಕಿರಿದಾಗಿಸಿತು. ಇದರಂತೆ ಮನೋವೈದ್ಯರು ಗೊತ್ತುಪಡಿಸಿದ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುವ ಏರ್ಪಾಡಾಯಿತು. ಬಸ್ಸಿನಿಂದ ಇಳಿದ ತಾಯಿ ಮಗನ ರಟ್ಟೆ ಹಿಡಿದು ನಡೆಸಿಕೊಂಡು ಬಂದು ಚೀಟಿ ಮಾಡಿಸುತ್ತಾಳೆ; ಪಾಳಿ ಬರುವವರೆಗೆ ವರಾಂಡದ ಬೆಂಚಿನ ಮೇಲೆ ಕೂರುತ್ತಾಳೆ; ಒಳಗೆ ಕೆಲವು ನಿಮಿಷ ಮಾತಾಗುತ್ತದೆ; ಗುಳಿಗೆಯ ಪೊಟ್ಟಣವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಮಧ್ಯಾಹ್ನದ ಬಸ್ಸು ಹಿಡಿಯುತ್ತಾಳೆ. ಜಾಲನಾದ ಕಾಲಕ್ಕೆ ಹೋಲಿಸಿದರೆ ಇದು ಬಹು ದೊಡ್ಡ ಗೆಲುವು. ಆದರೆ ಅದೇ ವರಾಂಡದಲ್ಲಿ ಅವಳ ಅಕ್ಕಪಕ್ಕ ಕುಳಿತ ಇತರ ಹೆತ್ತವರು ಅಪರಿಚಿತರಾಗಿಯೇ ಎದ್ದುಹೋಗುತ್ತಾರೆ. ಗಾಣಗಾಪುರದ ಛತ್ರದಲ್ಲಿ ಕೇಳಿಬರುತ್ತಿದ್ದ ‘ನಿಮ್ಮೂರು ಯಾವುದವ್ವ’ ಎಂಬ ಪ್ರಶ್ನೆಗೆ ಇಲ್ಲಿ ಬಿಡುವಿಲ್ಲ.

ಅಂಗವೈಕಲ್ಯದ ಕ್ಷೇತ್ರದಲ್ಲೂ ಹೀಗೆಯೇ ತುಣುಕು ತುಣುಕಾಗಿ ಸೇವೆ ಹತ್ತಿರವಾಗಿದೆ. ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಮತ್ತು ತಾಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಇರುವ ವ್ಯವಸ್ಥೆಯನ್ನು ಕರ್ನಾಟಕ ರೂಪಿಸಿಕೊಂಡಿದೆ. ಹಳ್ಳಿಗಳಲ್ಲಿ ಜನ ಗ್ರಾಮೀಣ ಕಾರ್ಯಕರ್ತರನ್ನು ‘ವಿ.ಆರ್.ಡಬ್ಲ್ಯೂ.’ ಎಂದೇ ಕರೆಯುತ್ತಾರೆ. ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ಮಕ್ಕಳಿಗೆ ಅಂಗಮರ್ದನ ಚಿಕಿತ್ಸೆಯೂ, ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವೂ ದೊರೆಯುತ್ತವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡಿ, ತೊಂದರೆಯಿದ್ದವರನ್ನು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳುಹಿಸುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನ್ಯ ಮಾಡಿದ ಅಂಗವೈಕಲ್ಯಗಳ ಸಂಖ್ಯೆಯನ್ನು 7ರಿಂದ 21ಕ್ಕೆ ಏರಿಸಿತು. ಇವೆಲ್ಲವುಗಳ ಕಣ್ಣು ನೆಟ್ಟಿರುವುದು ಮಗುವಿನ ಮೇಲೆ, ಅದು ಸರಿಯೂ ಹೌದು. ಮಗುವನ್ನು ಎತ್ತಿಕೊಂಡು ಬಂದವಳ ಬೆನ್ನುನೋವು, ನಿದ್ದೆಗೇಡು, ಗಂಡ ಗುಳೆ ಹೋದ ಮೇಲೆ ಒಬ್ಬಳೇ ಹೊರುವ ಭಾರ ಯಾವ ನಮೂನೆಯಲ್ಲೂ ದಾಖಲಾಗುವುದಿಲ್ಲ.

ಸಂಘ ಕಟ್ಟುವ ವಿದ್ಯೆ

ಈ ಕೊರತೆಯನ್ನು ತುಂಬುವ ಸಾಮರ್ಥ್ಯ ಈ ಸೀಮೆಗೆ ಇಲ್ಲವೆಂದು ಹೇಳುವಂತಿಲ್ಲ. 1989ರಲ್ಲಿ ಬೀದರ, ವಿಜಯಪುರ ಮತ್ತು ಮೈಸೂರು ಜಿಲ್ಲೆಗಳಲ್ಲಿ ಆರಂಭವಾಗಿ ಮುಂದೆ ಕಲಬುರಗಿಗೂ ವಿಸ್ತರಿಸಿದ ಮಹಿಳಾ ಸಮಖ್ಯಾ ಕಾರ್ಯಕ್ರಮ, ದಲಿತ ಮತ್ತು ಕೂಲಿಕಾರ ಹೆಂಗಸರು ವಾರಕ್ಕೊಮ್ಮೆ ರಾತ್ರಿ ಊಟದ ನಂತರ ಕೂಡಿ ತಮ್ಮ ಸಂಗತಿಗಳನ್ನು ತಾವೇ ಮಾತನಾಡುವ ಪರಿಪಾಠವನ್ನು ಬೆಳೆಸಿತು. 2000–01ರಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ‘ಸ್ತ್ರೀಶಕ್ತಿ’ ಯೋಜನೆಯ ಫಲವಾಗಿ ಉಳಿತಾಯದ ಸಂಘವಿಲ್ಲದ ಹಳ್ಳಿಯೇ ಅಪರೂಪವಾಯಿತು. ಚಾಪೆ ಹಾಸುವುದು, ಹಾಜರಿ ಬರೆಯುವುದು, ಒಬ್ಬರು ಮಾತನಾಡುವಾಗ ಉಳಿದವರು ಕೇಳುವುದು, ಒಳಗಿನ ಮಾತನ್ನು ಹೊರಗೆ ಆಡದಿರುವುದು ಇವೇ ನೆರವು ಗುಂಪಿನ ಮೂಲ ನಿಯಮಗಳಾಗಿದ್ದು, ಇವೆಲ್ಲವೂ ಈ ಮೂರು ತಾಲೂಕುಗಳ ಹೆಂಗಸರಿಗೆ ಕರಗತವಾಗಿವೆ. ಅಂಗನವಾಡಿಗಳಲ್ಲಿ ನಡೆಯುವ ತಾಯಂದಿರ ಸಭೆಯೂ ಇದೇ ಬಗೆಯ ಒಂದು ಸಿದ್ಧ ವೇದಿಕೆ.

ಒಟ್ಟಿಗೆ ಕೂರುವ ಇಂಥ ಜೊತೆಯ ಬೆಲೆಯನ್ನು ವಿಪತ್ತಿನ ಕಾಲವೂ ಕಲಿಸಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆಳಂದದ ಗಡಿಗೆ ದೂರವಲ್ಲದ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಹತ್ತು ಸಾವಿರದಷ್ಟು ಜನ ಸತ್ತಾಗ, ಮಕ್ಕಳನ್ನು ಮಣ್ಣಿನಡಿ ಕಳೆದುಕೊಂಡ ಹೆತ್ತವರ ಗೋಳನ್ನು ಈ ಸೀಮೆಯ ಜನ ಹತ್ತಿರದಿಂದ ಕಂಡರು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಹಳ್ಳಿಗಳು ನೀರಿನಲ್ಲಿ ನಿಂತಾಗ ಕುಟುಂಬಗಳು ಕಾಳಜಿ ಕೇಂದ್ರಗಳಲ್ಲಿ ಒಟ್ಟಿಗೆ ಉಳಿದವು. ಮನೆ ಕಟ್ಟಿಕೊಟ್ಟರೂ ಮನಸ್ಸು ಕಟ್ಟಿಕೊಳ್ಳಲು ಬೇರೆಯೇ ಸಮಯ ಮತ್ತು ಜೊತೆ ಬೇಕೆಂಬ ತಿಳಿವು ವಿಪತ್ತಿನ ಕೆಲಸ ಮಾಡುವವರಲ್ಲಿ ಬೇರೂರಿದ್ದು ಇಂಥ ಅನುಭವಗಳಿಂದ.

ಅಗತ್ಯದ ಪ್ರಮಾಣವೂ ಸಣ್ಣದಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿರುವುದನ್ನೂ, ವಿವಿಧ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ತಲುಪದಿರುವುದನ್ನೂ ಕಂಡುಕೊಂಡಿತು. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ‘ಟೆಲಿ ಮಾನಸ್’ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ರೋಗಿಯಷ್ಟೇ ಮಾತನಾಡಬೇಕೆಂಬ ನಿಯಮವಿಲ್ಲದಿರುವುದರಿಂದ ದಣಿದ ತಾಯಿಯೂ ದಿಕ್ಕು ತೋಚದ ತಂದೆಯೂ ತಮಗಾಗಿಯೇ ಅದನ್ನು ಬಳಸಬಹುದು. ಆಳಂದ ತಾಲೂಕಿನ ಕಡಗಂಚಿಯಲ್ಲಿ ನೆಲೆಗೊಂಡಿರುವ, 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗವೂ ಇದೆ. ತರಬೇತಿ ಕೊಡಬಲ್ಲವರು ತಾಲೂಕಿನೊಳಗೇ ಇದ್ದಾರೆ ಎಂದಾಯಿತು.

ಈ ಚರಿತ್ರೆಯನ್ನು ಒಟ್ಟಾಗಿ ನೋಡಿದಾಗ ಒಂದು ತೀರ್ಪು ಸ್ಪಷ್ಟವಾಗುತ್ತದೆ. ಬೀಸುಕಲ್ಲು, ಸಂಗಮ ಮತ್ತು ದರ್ಗಾದ ಅಂಗಳ ಹೆತ್ತವರಿಗೆ ಜೊತೆಯನ್ನು ಕೊಟ್ಟವು, ಮಗುವಿಗೆ ಮದ್ದನ್ನು ಕೊಡಲಾರದೆ ಹೋದವು. ಆಸ್ಪತ್ರೆ ಮಗುವಿಗೆ ಮದ್ದು ಕೊಟ್ಟಿತು, ಹೆತ್ತವರನ್ನು ವರಾಂಡದಲ್ಲೇ ಬಿಟ್ಟಿತು. ಎರಡನ್ನೂ ಒಂದೇ ಸೂರಿನಡಿ ತರಲು ಹೊಸ ಕಟ್ಟಡವಾಗಲಿ ಹೆಚ್ಚಿನ ಹಣವಾಗಲಿ ಬೇಕಾಗಿಲ್ಲ. ಆಳಂದ, ಅಫಜಲಪುರ ಮತ್ತು ಜೇವರ್ಗಿಯ ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರನ್ನು ಕಾಯುವ ತಾಯಿತಂದೆಗಳಿಗೆ ಒಂದು ಕೋಣೆ, ಒಂದು ಜಮಖಾನೆ, ಒಂದು ತಾಸು ಮತ್ತು ಮಾತನ್ನು ಆರಂಭಿಸಿಕೊಡುವ ಒಬ್ಬ ಕಾರ್ಯಕರ್ತೆ ದೊರೆತರೆ ಅಲ್ಲಿಗೆ ಹೆತ್ತವರ ಸಂಘ ಹುಟ್ಟಿದಂತೆಯೇ. ಆರೋಗ್ಯ ಇಲಾಖೆಯೂ ಪಂಚಾಯಿತಿಗಳೂ ಸ್ತ್ರೀಶಕ್ತಿ ಸಂಘಗಳೂ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ಕಾಯುವ ಬೆಂಚಿನ ಮೇಲೆ ಆ ತಾಯಿತಂದೆಗಳು ಈಗಾಗಲೇ ಅಕ್ಕಪಕ್ಕದಲ್ಲೇ ಕುಳಿತಿದ್ದಾರೆ.